ವೈ-ಫೈ ಅಲೆಗಳೂ ನಮ್ಮ ಶರೀರವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಈಗ ವೈ-ಫೈ ಪೆಟ್ಟಿಗೆ ಇದೆ. ಅದರೊಡನೆ ಒಂದು ಭಯವೂ ಮನೆ ಹೊಕ್ಕಿದೆ. ತಲೆನೋವು, ಎದೆಬಡಿತ, ನಿದ್ರಾಹೀನತೆಗಳಿಗೆ ಈ ಅಲೆಗಳೇ ಕಾರಣವೆಂದು ನಂಬಿ ಚಿಕಿತ್ಸೆಯನ್ನೇ ಮುಂದೂಡುವ ರೋಗಿಗಳುಂಟು. ಆದುದರಿಂದ ಈ ವಿಷಯವನ್ನು ಸದ್ಭಕ್ತರು ಸರಿಯಾಗಿ ಅರಿಯುವುದು ಅವಶ್ಯಕ.

ಸಾಮಾನ್ಯ ವೈ-ಫೈ ಅಲೆಯು ಸೆಕೆಂಡಿಗೆ ಸುಮಾರು 240 ಕೋಟಿ ಬಾರಿ ಕಂಪಿಸುತ್ತದೆ. ನಮ್ಮ ದೇಹತೂಕದ ಸುಮಾರು ಶೇಕಡಾ 60 ಭಾಗ ನೀರು; ಆ ನೀರಿನಲ್ಲಿ ಲವಣಗಳು ಕರಗಿವೆ. ಇಂತಹ ಉಪ್ಪುನೀರು ಈ ಅಲೆಗಳನ್ನು ಹೀರಿಕೊಳ್ಳುತ್ತದೆ. ಮಾಂಸಖಂಡದೊಳಗೆ ಎರಡು-ಮೂರು ಸೆಂಟಿಮೀಟರ್ ಸಾಗುವಷ್ಟರಲ್ಲಿ ಅಲೆಯ ಬಹುಪಾಲು ಶಕ್ತಿ ಕುಂದುತ್ತದೆ. ಹೀಗೆ ಮನುಷ್ಯ ಶರೀರವೇ ಅಲೆಗೆ ಅಡ್ಡಗೋಡೆ. ಬರಿದಾದ ಸಭಾಂಗಣದಲ್ಲಿ ಚೆನ್ನಾಗಿದ್ದ ಸಿಗ್ನಲ್ ಜನ ತುಂಬಿದೊಡನೆ ಕುಗ್ಗಲು ಇದೂ ಒಂದು ಕಾರಣ.

ಹೀರಿದ ಶಕ್ತಿ ಶಾಖವಾಗುತ್ತದೆ. ಆದರೆ ಮನೆಯ ಪೆಟ್ಟಿಗೆಯಿಂದ ಹೊಮ್ಮುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿನ ಹತ್ತನೆಯ ಒಂದು ಭಾಗದ ಆಸುಪಾಸಿನದು. ದೂರ ಇಮ್ಮಡಿಯಾದರೆ ಅದರ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಕ್ಷ-ಕಿರಣದಂತೆ ಜೀವಕೋಶದ ಅಣುಗಳನ್ನು ಒಡೆಯುವ ಸಾಮರ್ಥ್ಯ ಇದಕ್ಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2011ರಲ್ಲಿ ರೇಡಿಯೋ ಅಲೆಗಳನ್ನು ‘ಕ್ಯಾನ್ಸರ್‌ಕಾರಕವಾಗಿರಬಹುದಾದ’ ಗುಂಪಿಗೆ ಸೇರಿಸಿದ್ದು ನಿಜ. ಅದರ ಅರ್ಥ ಪುರಾವೆ ಸೀಮಿತವೆಂದೇ ಹೊರತು, ಅಪಾಯ ಸಿದ್ಧಪಟ್ಟಿತೆಂದಲ್ಲ.

ಪಾಲಿಸಬೇಕಾದ ಕೆಲವು ಕ್ರಮಗಳಿವೆ. ಪೆಟ್ಟಿಗೆಯನ್ನು ಮನೆಯ ನಡುಭಾಗದಲ್ಲಿ, ತಲೆಗಿಂತ ಎತ್ತರದಲ್ಲಿ ಇರಿಸಿರಿ. ಕಬ್ಬಿಣದ ಬೀರುವಿನ ಹಿಂದೆ ಬೇಡ. ಇ-ಸಂಜೀವಿನಿಯಲ್ಲಿ ವೈದ್ಯರೊಡನೆ ಮಾತನಾಡುವಾಗ ಪೆಟ್ಟಿಗೆಗೂ ಫೋನಿಗೂ ನಡುವೆ ಯಾರೂ ಅಡ್ಡ ಕೂರದಿರಲಿ. ಟವರ್ ಸಿಗ್ನಲ್ ದುರ್ಬಲವಿರುವಲ್ಲಿ ಮೊಬೈಲ್ ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಅಂತಹ ಕಡೆ ಕಿವಿಗೆ ಒತ್ತಿಕೊಳ್ಳದೆ ಸ್ಪೀಕರಿನಲ್ಲಿ ಮಾತನಾಡುವುದು ಲೇಸು. ವಿಕಿರಣ ತಡೆಯುವುದೆಂದು ಮಾರುವ ಸ್ಟಿಕ್ಕರಿಗೆ ಹಣ ತೆರಬೇಡಿರಿ. ಅದು ನಿಜವಾಗಿ ಅಲೆಯನ್ನು ತಡೆದರೆ ಫೋನ್ ಇನ್ನಷ್ಟು ಶಕ್ತಿ ಹೊರಡಿಸುವುದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಮೊಬೈಲನ್ನು ಎದೆಯ ಜೇಬಿನಲ್ಲಿ ಇಡದೆ, ಕನಿಷ್ಠ 15 ಸೆಂಟಿಮೀಟರ್ ದೂರವಿರಿಸಬೇಕು.

ಚರಕಸಂಹಿತೆಯು ಶರೀರದ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನೂ ಎಣಿಸಿದೆ. ಆ ನಿದ್ರೆಯನ್ನು ಕೆಡಿಸುವುದು ಅಲೆಗಿಂತ ಹೆಚ್ಚಾಗಿ ನಡುರಾತ್ರಿಯವರೆಗೆ ಕೈಯಲ್ಲಿರುವ ಪರದೆ. ಅದನ್ನು ಬೇಗ ಆರಿಸಿರಿ. ಹಾಗೆಯೂ ತಲೆನೋವು, ಎದೆಬಡಿತ ನಿಲ್ಲದಿದ್ದರೆ ಪೆಟ್ಟಿಗೆಯನ್ನು ದೂರುತ್ತ ಕೂರದೆ ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳಿರಿ.