ಆಡದ ಮಾತಿನ ಧ್ವನಿ: ಆತ್ಮಹತ್ಯೆಯ ಮುನ್ಸೂಚನೆಗಳು ಮತ್ತು ಚಲನಚಿತ್ರ

ಧ್ವನಿಯೇ ಕಾವ್ಯದ ಆತ್ಮವೆಂದು ಆನಂದವರ್ಧನನು ಪ್ರತಿಪಾದಿಸಿದನು. ಆಡಿದ ಮಾತಿನ ಹಿಂದೆ ಆಡದ ಮಾತೊಂದು ಇರುತ್ತದೆ; ಅದನ್ನು ಗ್ರಹಿಸಬಲ್ಲವನು ಸಹೃದಯ. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಾವ್ಯಮೀಮಾಂಸೆಯಲ್ಲಿ ಓದುವ ಈ ತತ್ತ್ವವು, ಬದುಕನ್ನೇ ಬಿಡುವ ಯೋಚನೆಯಲ್ಲಿರುವ ವ್ಯಕ್ತಿಯ ಮಾತನ್ನು ಕೇಳುವಾಗ ಜೀವದ ಪ್ರಶ್ನೆಯಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ಭಾರತದಲ್ಲಿ 1,70,924 ಜನರು ಆತ್ಮಹತ್ಯೆಯಿಂದ ಮೃತರಾದರು. ರಾಜ್ಯಗಳ ಪೈಕಿ ಅತಿ ಹೆಚ್ಚಿನ ಸಂಖ್ಯೆ ಮಹಾರಾಷ್ಟ್ರದ್ದು. ಉಮದಿ, ಜತ್ತ ಭಾಗದಂತಹ ಬರಪೀಡಿತ ಗಡಿನಾಡಿನ ಓದುಗರಿಗೆ ಇದು ದೂರದ ಸಂಗತಿಯಲ್ಲ.

ಮುನ್ಸೂಚನೆಗಳ ಸ್ವರೂಪ

ಸಾಯುವ ಮಾತನ್ನು ನೇರವಾಗಿ ಆಡುವವರಿದ್ದಾರೆ. ‘ಹೇಳುವವರು ಮಾಡುವುದಿಲ್ಲ’ ಎಂಬ ನಂಬಿಕೆ ತಪ್ಪು. ಅಂತಹ ಪ್ರತಿಯೊಂದು ಮಾತನ್ನೂ ಗಂಭೀರವಾಗಿ ಪರಿಗಣಿಸಬೇಕು. ಆದರೆ ಹಲವರಲ್ಲಿ ಸೂಚನೆ ಮರೆಯಾಗಿ ಬರುತ್ತದೆ. ‘ನನ್ನಿಂದ ಯಾರಿಗೆ ಏನ್ ಉಪಯೋಗ?’, ‘ಇನ್ನ ನಿಮಗ ನನ್ನ ತ್ರಾಸ ಇರಂಗಿಲ್ಲ’ ಎಂಬ ಮಾತುಗಳ ವಾಚ್ಯಾರ್ಥ ಬೇಸರ ಮಾತ್ರ. ವ್ಯಂಗ್ಯಾರ್ಥ ಬೇರೆಯೇ ಇರಬಹುದು.

ಮಾತಿನಂತೆ ನಡತೆಯೂ ಸೂಚಿಸುತ್ತದೆ: ನಿದ್ರೆ, ಊಟಗಳಲ್ಲಿ ಏರುಪೇರು, ಗೆಳೆಯರಿಂದ ದೂರ ಸರಿಯುವುದು, ಪ್ರೀತಿಯ ವಸ್ತುಗಳನ್ನು ಕಾರಣವಿಲ್ಲದೆ ಹಂಚಿಬಿಡುವುದು, ಕುಡಿತ ಹೆಚ್ಚುವುದು, ಬಿತ್ತನೆ ಅಥವಾ ಪರೀಕ್ಷೆಯಂತಹ ಮುಂದಿನ ದಿನಗಳ ಬಗ್ಗೆ ಮಾತೇ ನಿಲ್ಲುವುದು. ದುಃಖವು ಅಳುವಾಗಿಯೇ ಬರಬೇಕೆಂದಿಲ್ಲ. ಅದು ಸಿಟ್ಟಾಗಿಯೂ ಬರುತ್ತದೆ. ಬಹುದಿನ ನೊಂದವರಲ್ಲಿ ಇದ್ದಕ್ಕಿದ್ದಂತೆ ಕಾಣುವ ನಿರಾಳತೆ ಎಲ್ಲಕ್ಕಿಂತ ಮೋಸಗೊಳಿಸುವಂಥದು. ಮನೆಯವರು ‘ಸುಧಾರಿಸಿದ’ ಎಂದು ನೆಮ್ಮದಿಗೊಳ್ಳುವ ಆ ಹೊತ್ತು, ಕೆಲವೊಮ್ಮೆ ಆತ ಮನಸ್ಸಿನಲ್ಲಿ ನಿರ್ಧಾರಕ್ಕೆ ಬಂದ ಹೊತ್ತಾಗಿರುತ್ತದೆ.

ಯಾವುದೋ ಒಂದು ಲಕ್ಷಣದಿಂದ ತೀರ್ಮಾನಕ್ಕೆ ಬರಲಾಗದು. ಆ ವ್ಯಕ್ತಿಯ ಎಂದಿನ ರೀತಿಯಿಂದ ಆದ ಬದಲಾವಣೆ ಮುಖ್ಯ. ಹಾಗೆಯೇ ಎಲ್ಲ ಸೂಚನೆಗಳೂ ಎಲ್ಲರಿಗೂ ಕಾಣುವುದಿಲ್ಲ. ಅಗಲಿದವರ ಕುಟುಂಬವನ್ನು ‘ನಿಮಗೆ ತಿಳಿಯಲಿಲ್ಲವೇ?’ ಎಂದು ಕೇಳುವುದು ಕ್ರೌರ್ಯ.

ತೆರೆಯ ಮೇಲೆ

ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕನಿಗೆ ಹಿನ್ನೆಲೆ ಸಂಗೀತ, ಮುಖದ ಸಮೀಪದ ಚಿತ್ರಿಕೆಗಳು ಆಪತ್ತನ್ನು ಮೊದಲೇ ತಿಳಿಸುತ್ತವೆ. ಬದುಕಿಗೆ ಹಿನ್ನೆಲೆ ಸಂಗೀತವಿಲ್ಲ. ಚಿತ್ರಗಳನ್ನು ಅಧ್ಯಯನ ಮಾಡುವಾಗ ಈ ಅಂತರವನ್ನು ಮರೆಯಬಾರದು.

ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿದ ಚಿತ್ರ. ರಾಮಾಚಾರಿಯ ನೋವು ಸಿಟ್ಟಿನ ರೂಪದಲ್ಲಿಯೇ ಹೊರಬರುತ್ತದೆ; ಊರು ಅದನ್ನು ಪುಂಡಾಟವೆಂದು ಓದುತ್ತದೆ. ಚಾಮಯ್ಯ ಮೇಷ್ಟರು ಅವನನ್ನು ಪ್ರೀತಿಸಿದರೂ ಅವನ ಮನಸ್ಸನ್ನು ಕೇಳುವುದಕ್ಕಿಂತ ಮಾತಿನಲ್ಲಿ ಕಟ್ಟಿಹಾಕುವುದೇ ಹೆಚ್ಚು. ಮನೋವೇದನೆಯನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಚಿತ್ರವು ಕೊನೆಯಲ್ಲಿ ಪ್ರೇಮಿಗಳ ಸಾವಿಗೆ ಭವ್ಯತೆಯನ್ನು ಕೊಡುತ್ತದೆ. ಸಾವು ಪ್ರೇಮದ ಪರಾಕಾಷ್ಠೆಯಂತೆ ಕಾಣುವ ಈ ಅಂತ್ಯವನ್ನು ಇಂದಿನ ಓದುಗ ಪ್ರಶ್ನಿಸಬೇಕು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಸ್ವರ್ಣಕಮಲ ಪಡೆದ ಚಿತ್ರ. ವಿಧವೆ ಯಮುನಾ ಗರ್ಭಿಣಿಯಾದಾಗ ಅಗ್ರಹಾರದ ಕಣ್ಣುಗಳೆಲ್ಲ ಅವಳ ಮೇಲಿರುತ್ತವೆ, ಆದರೆ ಅವು ತಪ್ಪನ್ನು ಹುಡುಕುವ ಕಣ್ಣುಗಳು. ಅವಳ ಸಂಕಟಕ್ಕೆ ಹತ್ತಿರವಿರುವವನು ನಾಣಿಯೆಂಬ ಬಾಲಕ ಮಾತ್ರ. ಅವನು ಎಲ್ಲವನ್ನೂ ಕಾಣುತ್ತಾನೆ, ಅರ್ಥ ಮಾಡಿಕೊಳ್ಳುವ ವಯಸ್ಸು ಅವನದಲ್ಲ. ಅರ್ಥವಾಗಬಲ್ಲವರು ನೋಡಲಿಲ್ಲ, ನೋಡಿದವನಿಗೆ ಅರ್ಥವಾಗಲಿಲ್ಲ. ಕೊನೆಗೆ ಬದುಕಿರುವವಳಿಗೇ ಶ್ರಾದ್ಧ ನಡೆಯುತ್ತದೆ. ಒಬ್ಬರ ಹತಾಶೆಯಲ್ಲಿ ಸಮುದಾಯದ ಪಾಲೆಷ್ಟು ಎಂಬುದನ್ನು ಈ ಚಿತ್ರ ಯಾವ ಭವ್ಯತೆಯ ಲೇಪವೂ ಇಲ್ಲದೆ ತೋರುತ್ತದೆ.

ಮರಾಠಿಯ ‘ಕಾಸವ್’ (ಆಮೆ) ಇನ್ನೊಂದು ದಾರಿ ಹಿಡಿಯುತ್ತದೆ. ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರ ನಿರ್ದೇಶಿಸಿದ ಇದು 2016ರ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ ತರುಣನೊಬ್ಬನಿಗೆ, ತಾನೂ ಖಿನ್ನತೆಯನ್ನು ಅನುಭವಿಸಿದ ಜಾನಕಿ ಎಂಬ ಮಹಿಳೆ ಆಶ್ರಯ ಕೊಡುತ್ತಾಳೆ. ಬುದ್ಧಿವಾದವಿಲ್ಲ, ಅವಸರವಿಲ್ಲ, ಚಿಪ್ಪಿನೊಳಗೆ ಸೇರಿದ ಜೀವ ತಾನಾಗಿ ಹೊರಬರುವವರೆಗೆ ಕಾಯುವ ತಾಳ್ಮೆಯಿದೆ.

ವರ್ಥರ್ ಮತ್ತು ಪಾಪಗೆನೊ

ಗಯಟೆಯ ವರ್ಥರ್ ಕುರಿತ ಕಾದಂಬರಿ 1774ರಲ್ಲಿ ಪ್ರಕಟವಾದಾಗ ಓದುಗರು ನಾಯಕನ ಸಾವನ್ನು ಅನುಕರಿಸುವರೆಂಬ ಭಯ ಯುರೋಪಿನಲ್ಲಿ ಹರಡಿತ್ತು. ಆತ್ಮಹತ್ಯೆಯನ್ನು ವೈಭವೀಕರಿಸುವ ಚಿತ್ರಣದಿಂದ ಅನುಕರಣೆ ಹೆಚ್ಚುವುದನ್ನು ಸಂಶೋಧಕರು ‘ವರ್ಥರ್ ಪರಿಣಾಮ’ ಎಂದು ಕರೆದರು. ಮೊಜಾರ್ಟನ ಸಂಗೀತನಾಟಕವೊಂದರಲ್ಲಿ ಹತಾಶನಾದ ಪಾಪಗೆನೊನಿಗೆ ಮೂವರು ಬಾಲಕರು ಬೇರೆ ದಾರಿಯನ್ನು ನೆನಪಿಸುತ್ತಾರೆ, ಅವನು ಬದುಕುತ್ತಾನೆ. ಸಂಕಟವನ್ನು ದಾಟಿ ಬದುಕಿದವರ ಕಥೆಗಳು ಜೀವರಕ್ಷಕವಾಗಬಲ್ಲವು ಎಂಬುದಕ್ಕೆ ‘ಪಾಪಗೆನೊ ಪರಿಣಾಮ’ ಎಂಬ ಹೆಸರು ಬಂದದ್ದು 2010ರಲ್ಲಿ. ‘ಕಾಸವ್’ ಈ ಎರಡನೆಯ ಸಾಲಿಗೆ ಸೇರುತ್ತದೆ.

ಸಹೃದಯನ ಕರ್ತವ್ಯ

ಸಂಶಯ ಬಂದಲ್ಲಿ ನೇರವಾಗಿ ಕೇಳಬೇಕು: ‘ಸಾಯುವ ವಿಚಾರ ಮನಸ್ಸಿಗೆ ಬರುತ್ತಿದೆಯೇ?’ ಹೀಗೆ ಕೇಳುವುದರಿಂದ ಆ ವಿಚಾರವನ್ನು ಬಿತ್ತಿದಂತಾಗುವುದಿಲ್ಲ. ಬಹಳ ಸಲ ಭಾರ ಇಳಿಯುತ್ತದೆ. ತೀರ್ಪು ಕೊಡದೆ ಕೇಳಿಸಿಕೊಳ್ಳಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಬಾರದು. ಅಪಾಯ ಹತ್ತಿರವಿದ್ದರೆ ಒಂಟಿಯಾಗಿ ಬಿಡದೆ, ಹಿರಿಯರನ್ನೂ ವೈದ್ಯರನ್ನೂ ಕರೆಯಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂಬ ಸ್ಥಿತಿಯ ಗಡಿನಾಡಿನಲ್ಲಿ, ಸಂಕಟವನ್ನು ತಾಯ್ನುಡಿಯಲ್ಲಿ ಹೇಳಿಕೊಳ್ಳಲು ಅವಕಾಶವಿರುವುದು ಸಣ್ಣ ಮಾತಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ. ಶಿಕ್ಷೆಯ ಬದಲು ಆರೈಕೆಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ. ಕಾನೂನು ಕಲಿತ ಈ ಕರುಣೆಯನ್ನು ಆಡುಮಾತೂ ಕಲಿಯಬೇಕಾಗಿದೆ.

ಅಭ್ಯಾಸಕ್ಕೆ

1. ‘ಘಟಶ್ರಾದ್ಧ’ದ ನಾಣಿಯ ದೃಷ್ಟಿಕೋನವು ಯಮುನೆಯ ಸಂಕಟವನ್ನು ಹೇಗೆ ಧ್ವನಿಸುತ್ತದೆ? ಕಥೆ ಮತ್ತು ಚಿತ್ರಗಳನ್ನು ಹೋಲಿಸಿ.
2. ‘ನಾಗರಹಾವು’ ಚಿತ್ರದ ಅಂತ್ಯವನ್ನು ವರ್ಥರ್ ಪರಿಣಾಮದ ಹಿನ್ನೆಲೆಯಲ್ಲಿ ವಿಮರ್ಶಿಸಿ.
3. ಊರಿನ ಆಡುಮಾತಿನಲ್ಲಿ ದುಃಖವನ್ನು ಮರೆಮಾಚುವ ನುಡಿಗಟ್ಟುಗಳನ್ನು ಸಂಗ್ರಹಿಸಿ, ಅವುಗಳ ವ್ಯಂಗ್ಯಾರ್ಥವನ್ನು ಚರ್ಚಿಸಿ.