ಮೊದಲ ಒಡೆಯನ ತೆರಿಗೆ, ಎರಡನೆಯವನ ಸವಾರಿ

‘ನಾಲ್ಕು ಲಕ್ಷಕ್ಕೆ ಒಳ್ಳೇ ಸೆಕೆಂಡ್ ಹ್ಯಾಂಡ್ ಕಾರೇ ಬರ್ತಿತ್ತಲ್ಲ ಭಾವ, ಯಾರೋ ಓಡಿಸಿ ಬಿಟ್ಟ ಬೈಕು ತಂದಿದ್ದೀರಲ್ಲ!’ ಎಂದು ಹೆಂಡತಿಯ ತಮ್ಮ ಕೇಳಿದ್ದ. ಕೇಳಬೇಕಾದ ಪ್ರಶ್ನೆಯೇ. ಕಾರಿನಲ್ಲಿ ಮಳೆಗೆ ನೆನೆಯುವುದಿಲ್ಲ, ಮನೆಮಂದಿಯೆಲ್ಲ ಕೂರಬಹುದು, ಮದುವೆ ಮುಂಜಿಗೂ ಹೋಗಿಬರಬಹುದು. ದೊಡ್ಡ ಬೈಕಿನಿಂದ ಇದ್ಯಾವುದೂ ಆಗದು. ಅದು ಶೋಕಿಯ ವಸ್ತು. ಶೋಕಿಗೆ ಲೆಕ್ಕ ಇಡಬಾರದು ಎನ್ನುವವರಿದ್ದಾರೆ. ಶೋಕಿಗೇ ಲೆಕ್ಕ ಇನ್ನೂ ಬಿಗಿಯಾಗಿರಬೇಕು ಎನ್ನುವವನು ನಾನು. ದಿನಸಿಯ ಖರ್ಚು ತಾನಾಗಿಯೇ ಒಂದು ಮಿತಿಯಲ್ಲಿ ನಿಲ್ಲುತ್ತದೆ, ಶೋಕಿಯ ಖರ್ಚನ್ನು ನಾವೇ ನಿಲ್ಲಿಸಬೇಕು.

ನಾನು ಕೊಂಡದ್ದು 2018ರಲ್ಲಿ ನೋಂದಣಿಯಾದ ಕವಾಸಕಿ ನಿಂಜಾ 650. ಕೊಂಡಿದ್ದು 2022ರ ಆರಂಭದಲ್ಲಿ, 11,000 ಕಿ.ಮೀ. ಓಡಿದ ಗಾಡಿ, ಕೊಟ್ಟ ಬೆಲೆ ರೂ. 4.05 ಲಕ್ಷ. 649 ಸಿಸಿಯ ಎರಡು ಸಿಲಿಂಡರ್ ಎಂಜಿನ್, 15 ಲೀಟರ್ ಟ್ಯಾಂಕ್. ಮೈಕಟ್ಟು ರೇಸ್ ಬೈಕಿನಂತೆ ಕಂಡರೂ ಹ್ಯಾಂಡಲ್ ಎತ್ತರದಲ್ಲಿದೆ, ಸೊಂಟ ಬಗ್ಗಿಸಿ ಟ್ಯಾಂಕಿನ ಮೇಲೆ ಮಲಗಬೇಕಾಗಿಲ್ಲ. ಎದೆಗೆ ಬಡಿಯುವ ಗಾಳಿಯನ್ನು ಮುಂದಿನ ಗಾಜು ತಡೆಯುತ್ತದೆ. ವೇಗದ ಬೈಕಿನ ಬಿಗಿ, ದೂರ ಪ್ರಯಾಣದ ಆರಾಮ ಎರಡನ್ನೂ ಕೂಡಿಸಿ ಮಾಡಿದ ಇಂಥ ಗಾಡಿಗಳನ್ನು ಸ್ಪೋರ್ಟ್ ಟೂರರ್ ಎನ್ನುತ್ತಾರೆ.

ತೆರಿಗೆ ಯಾರ ಜೇಬಿನಿಂದ?

ಹಳೆಯ ದೊಡ್ಡ ಬೈಕು ಯಾಕೆ ಅಗ್ಗವಾಗುತ್ತದೆ? ಯಂತ್ರ ಸವೆದಿದ್ದರಿಂದ ಎಂದು ಹೆಚ್ಚಿನವರು ಭಾವಿಸುತ್ತಾರೆ. ಬಿಲ್ಲು ಬಿಡಿಸಿ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಶೋರೂಂ ಬೆಲೆ ರೂ. 5.50 ಲಕ್ಷ ಎಂದಿಟ್ಟುಕೊಳ್ಳಿ. ಆಗ 350 ಸಿಸಿ ಮೀರಿದ ಬೈಕಿಗೆ ಶೇ 28 ಜಿಎಸ್‌ಟಿ, ಅದರ ಮೇಲೆ ಶೇ 3 ಸೆಸ್ ಇತ್ತು. ಅಂದರೆ ಆ ಐದೂವರೆ ಲಕ್ಷದೊಳಗೆ ಸುಮಾರು ರೂ. 1.30 ಲಕ್ಷ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಪಾಲು. ಹೊರಗೆ ಬಂದರೆ ಆರ್‌ಟಿಒ ಕಚೇರಿ. ಕರ್ನಾಟಕದಲ್ಲಿ ಒಂದು ಲಕ್ಷ ಮೀರಿದ ಬೈಕಿಗೆ ಜೀವಾವಧಿ ತೆರಿಗೆ ಶೇ 18. ಅದು ರೂ. 99,000, ಅದರ ಮೇಲೂ ಸೆಸ್. ಎರಡೂ ಸೇರಿ ತೆರಿಗೆಯೇ ಎರಡೂಕಾಲು ಲಕ್ಷ ದಾಟಿತು. ತೆರಿಗೆ ಕಳೆದು ಉಳಿದ ಬೈಕಿನ ನಿಜವಾದ ಬೆಲೆ ಸುಮಾರು ರೂ. 4.20 ಲಕ್ಷ.

ನಾನು ಕೊಟ್ಟದ್ದು 4.05 ಲಕ್ಷ. ಅಂದರೆ ನನಗೆ ಸಿಕ್ಕ ರಿಯಾಯಿತಿಯಲ್ಲಿ ಬಹುಪಾಲು ಮೊದಲ ಒಡೆಯ ತೆತ್ತ ತೆರಿಗೆಯದು, ಬೈಕಿನದಲ್ಲ. ವಿಮೆಯೂ ಸೇರಿ ಅವರ ಆನ್‌ರೋಡ್ ಬೆಲೆ ಆರೂವರೆ ಲಕ್ಷ ದಾಟಿರುತ್ತದೆ. ಕಳೆದುಕೊಂಡ ಎರಡೂವರೆ ಲಕ್ಷವನ್ನು ಅವರು ಓಡಿಸಿದ 11,000 ಕಿ.ಮೀ.ಗೆ ಹಂಚಿದರೆ, ಪೆಟ್ರೋಲ್ ಬಿಟ್ಟು, ಬೆಲೆ ಕುಸಿತವೇ ಕಿಲೋಮೀಟರಿಗೆ ರೂ. 22ಕ್ಕೂ ಹೆಚ್ಚು. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಬೈಕುಗಳ ಜಿಎಸ್‌ಟಿ ಶೇ 40 ಆಗಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಮಾರಾಟವಾಗುವ ಹಳೆಯ ಬೈಕಿಗೆ ಜಿಎಸ್‌ಟಿಯೇ ಇಲ್ಲ. ಹೊಸದಕ್ಕೂ ಹಳೆಯದಕ್ಕೂ ಇರುವ ಈ ಅಂತರವೇ ಎರಡನೆಯವನ ಲಾಭ.

ಆದರೆ ಈ ಲಾಭವನ್ನು ಬಡ್ಡಿಗೆ ಕೊಟ್ಟುಬಿಟ್ಟರೆ ಏನೂ ಉಳಿಯದು. ಬಳಸಿದ ಬೈಕಿನ ಸಾಲಕ್ಕೆ ಹೊಸದಕ್ಕಿಂತ ಬಡ್ಡಿ ಹೆಚ್ಚು. 4 ಲಕ್ಷವನ್ನು ಶೇ 15ರ ಬಡ್ಡಿಗೆ 3 ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು ರೂ. 13,870, ಒಟ್ಟು ಬಡ್ಡಿ ರೂ. 99,000ದ ಹತ್ತಿರ. ಆರ್‌ಟಿಒಗೆ ಕಟ್ಟಬೇಕಿದ್ದ ದುಡ್ಡು ಫೈನಾನ್ಸ್‌ನವರಿಗೆ ಹೋಯಿತು, ಅಷ್ಟೆ. ಅದಕ್ಕೇ ನಾನು ಮೂರು ವರ್ಷ ಆರ್‌ಡಿ ಕಟ್ಟಿ, ಕೈಯಲ್ಲಿ ದುಡ್ಡು ಬಂದ ಮೇಲೆಯೇ ಗಾಡಿ ಹುಡುಕಲು ಹೊರಟದ್ದು.

ತಣ್ಣಗಿನ ಎಂಜಿನ್, ಟೈರಿನ ಜಾತಕ

ನಮ್ಮ ಮೆಕ್ಯಾನಿಕ್ ಹೇಳಿಕೊಟ್ಟ ಮೊದಲ ಪಾಠ ಇದು: ‘ಸಾರ್, ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬಿಸಿ ಇದ್ರೆ ಮಾತಾಡ್ದೆ ವಾಪಸ್ ಬಂದ್ಬಿಡಿ.’ ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ತನ್ನ ರೋಗವನ್ನು ಮುಚ್ಚಿಡುತ್ತದೆ. ಸ್ಟಾರ್ಟ್ ಆಗುವಾಗಿನ ತಿಣುಕಾಟ, ಮೊದಲ ನಿಮಿಷದ ಹೊಗೆ, ಟೈಮಿಂಗ್ ಚೈನಿನ ಕಟಕಟ ಎಲ್ಲ ತಣ್ಣಗಿದ್ದಾಗಲೇ ತಿಳಿಯುವುದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಿಂತಿದ್ದ ಈ ಗಾಡಿಯ ಎಂಜಿನ್ ಮುಟ್ಟಿದರೆ ಕಲ್ಲಿನ ಹಾಗೆ ತಣ್ಣಗಿತ್ತು. ಅಲ್ಲಿಂದ ಮುಂದಿನ ತಪಾಸಣೆ ಶುರುವಾಯಿತು.

ಟೈರಿನ ಪಕ್ಕದಲ್ಲಿ ಒಂದು ಪುಟ್ಟ ಅಂಡಾಕಾರದೊಳಗೆ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹಿಂದಿನ ಟೈರಿನಲ್ಲಿ 4817 ಎಂದಿತ್ತು. 2017ರ 48ನೇ ವಾರ ತಯಾರಾದದ್ದು, ಅಂದರೆ ಗಾಡಿಯ ಜತೆಗೇ ಬಂದ ಟೈರ್. ಅದರ ಸವೆತಕ್ಕೂ ಮೀಟರಿನ 11,000ಕ್ಕೂ ತಾಳೆಯಾಯಿತು. ಇಷ್ಟು ಕಡಿಮೆ ಓಡಿದ ಗಾಡಿಯಲ್ಲಿ ಹೊಚ್ಚ ಹೊಸ ಟೈರ್ ಕಂಡಿದ್ದರೆ ಮೀಟರಿನ ಮೇಲೇ ಅನುಮಾನ ಪಡಬೇಕಾಗುತ್ತಿತ್ತು. ಮುಂದಿನ ಫೋರ್ಕಿನ ಹೊಳೆಯುವ ಕೊಳವೆಯನ್ನು ಕರ್ಚೀಫಿನಿಂದ ಒರೆಸಿ, ಬ್ರೇಕ್ ಹಿಡಿದು ನಾಲ್ಕು ಸಲ ಅದುಮಿ, ಮತ್ತೆ ಒರೆಸಿದೆ. ಎಣ್ಣೆ ಅಂಟಲಿಲ್ಲ, ಆಯಿಲ್ ಸೀಲ್ ಗಟ್ಟಿಯಾಗಿದೆ ಎಂದರ್ಥ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಅದು ತಡೆದು ನಿಲ್ಲುವ ಕಡೆ ಫ್ರೇಮಿಗಿರುವ ಪುಟ್ಟ ಲೋಹದ ಗುಬುಟನ್ನು ಟಾರ್ಚ್ ಬಿಟ್ಟು ನೋಡಿದೆ. ಬಣ್ಣ ಬಳಿದು ಗೀರು ಮುಚ್ಚಬಹುದು, ಫೇರಿಂಗ್ ಹೊಸದು ಹಾಕಬಹುದು. ಜೋರಾಗಿ ಬಿದ್ದ ಗಾಡಿಯಲ್ಲಿ ಈ ಗುಬುಟು ಜಜ್ಜಿರುತ್ತದೆ, ಅದನ್ನು ಸರಿಪಡಿಸಲು ಯಾರೂ ಹೋಗುವುದಿಲ್ಲ.

ಮಾಲೀಕರು ಕೇಳಿದ್ದು 4.40 ಲಕ್ಷ. ಟೈರ್ ಹಳೆಯದಾಗಿ ರಬ್ಬರ್ ಗಟ್ಟಿಯಾಗಿತ್ತು, ಚೈನ್ ಸ್ಪ್ರಾಕೆಟ್ ಮುಗಿಯುತ್ತ ಬಂದಿತ್ತು. ಈ ಎರಡರ ಕೊಟೇಷನ್ ಮೊದಲೇ ಕೇಳಿ ಬರೆದುಕೊಂಡು ಹೋಗಿದ್ದೆ, ಚೌಕಾಸಿಗೆ ಅದೇ ಸಾಕಾಯಿತು. ‘ಸ್ವಲ್ಪ ಕಮ್ಮಿ ಮಾಡಿ’ ಎಂದು ಗೋಗರೆಯುವ ಬದಲು ಬಿಡಿಭಾಗದ ಬೆಲೆಯ ಚೀಟಿ ಮುಂದಿಟ್ಟರೆ ಮಾತು ಬೇಗ ಮುಗಿಯುತ್ತದೆ.

ಬೆಲೆ ಕುದುರಿದ ಮೇಲೆ ಕಾಗದ. ಹಣವನ್ನು ಬ್ಯಾಂಕ್ ಮೂಲಕವೇ ಕಳುಹಿಸಿ. ಒಂದೇ ವ್ಯವಹಾರದಲ್ಲಿ ರೂ. 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ, ದಂಡ ಪಡೆದವರ ತಲೆಗೆ. ಎಂಪರಿವಾಹನ್ ಆ್ಯಪ್‌ನಲ್ಲಿ ಸಾಲದ ನಮೂದು ಉಳಿದಿದೆಯೇ, ವಿಮೆ ಚಾಲ್ತಿಯಲ್ಲಿದೆಯೇ, ಚಲನ್ ಬಾಕಿ ಇದೆಯೇ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಹೈಪೋಥಿಕೇಷನ್ ಉಳಿದಿದ್ದರೆ ಫಾರಂ 35 ಸಲ್ಲಿಸಿ ತೆಗೆಸಬೇಕು. ವರ್ಗಾವಣೆಗೆ ಫಾರಂ 29, 30. ಇದರಲ್ಲಿ ಮಾರುವವರಿಗೂ ಪಾಠವಿದೆ: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಹೊರರಾಜ್ಯದ ಗಾಡಿ ಅಗ್ಗವೆಂದು ಆಸೆಪಡುವವರು ಎನ್‌ಒಸಿ ಜತೆಗೆ, ಗಾಡಿಯ ವಯಸ್ಸಿಗೆ ತಕ್ಕ ಜೀವಾವಧಿ ತೆರಿಗೆಯನ್ನು ಇಲ್ಲಿ ಮತ್ತೆ ಕಟ್ಟಬೇಕೆಂಬುದನ್ನು ಲೆಕ್ಕಕ್ಕೆ ಹಿಡಿಯಲಿ.

ವಿಮೆಯಲ್ಲಿ ಎರಡು ಸೂಕ್ಷ್ಮಗಳಿವೆ. ಒಂದು, ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ಮಾಲೀಕನದು. ಅವರ ಶೇ 50ರ ರಿಯಾಯಿತಿ ನಿಮಗೆ ಬರುವುದಿಲ್ಲ, ಮುಂದಿನ ಪ್ರೀಮಿಯಂ ಅದಕ್ಕೆ ತಕ್ಕಂತೆ ಏರುತ್ತದೆ. ಎರಡು, ಐಡಿವಿ, ಅಂದರೆ ವಿಮೆಯ ಲೆಕ್ಕದಲ್ಲಿ ಗಾಡಿಗೆ ಕಟ್ಟುವ ಬೆಲೆ. ಮೂರು ದಾಟಿ ನಾಲ್ಕು ವರ್ಷದೊಳಗಿನ ಗಾಡಿಗೆ ಶೋರೂಂ ಬೆಲೆಯಲ್ಲಿ ಶೇ 40 ಕಳೆಯುವುದು ವಾಡಿಕೆ. 5.50 ಲಕ್ಷದ ಬೈಕಿನ ಐಡಿವಿ 3.30 ಲಕ್ಷಕ್ಕೆ ಬಂತು. ಮಾರುಕಟ್ಟೆಯಲ್ಲಿ 4.05 ಕೊಟ್ಟಿದ್ದರೂ, ನಾಳೆ ಕಳವಾದರೆ ಕೈಗೆ ಬರುವುದು ಐಡಿವಿಯಷ್ಟೇ. ಆ ಮುಕ್ಕಾಲು ಲಕ್ಷದ ಅಪಾಯ ನಮ್ಮದೇ ಎಂದು ತಿಳಿದು ಕೊಳ್ಳಬೇಕು.

ಕಿಲೋಮೀಟರಿಗೆ ಎಷ್ಟು?

ಗಾಡಿ ಮನೆಗೆ ಬಂದ ಮೇಲೆ ಜೋಡಿ ಟೈರಿಗೆ ರೂ. 31,000. ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಕೂಲಂಟ್, ಬ್ರೇಕ್ ಆಯಿಲ್‌ಗೆ ರೂ. 22,000. ವರ್ಗಾವಣೆ ಮತ್ತು ವಿಮೆಗೆ ರೂ. 12,000. ಸಾಮಾನು ಕಟ್ಟುವ ಬ್ಯಾಗುಗಳಿಗೆ ರೂ. 14,000. ಒಟ್ಟು ರೂ. 4.84 ಲಕ್ಷ. ಹಳೆಯ ದೊಡ್ಡ ಬೈಕು ಕೊಳ್ಳುವವರು ಖರೀದಿ ಬೆಲೆಯ ಮೇಲೆ ಶೇ 20ರಷ್ಟು ಎತ್ತಿಟ್ಟುಕೊಂಡಿರಬೇಕು ಎಂದು ನಾನು ಹೇಳುವುದು ಇದಕ್ಕೇ.

ವರ್ಷಕ್ಕೆ ಸುಮಾರು 6,000 ಕಿ.ಮೀ. ಓಡಿಸುತ್ತೇನೆ. ಲೀಟರಿಗೆ 22 ಕಿ.ಮೀ. ಕೊಡುತ್ತದೆ. ಪೆಟ್ರೋಲ್ ರೂ. 102ರಂತೆ ಹಿಡಿದರೆ ಕಿಲೋಮೀಟರಿಗೆ ರೂ. 4.60. ಟೈರ್ 13,000 ಕಿ.ಮೀ. ಬಾಳಿದರೆ ರೂ. 2.40. ಸರ್ವಿಸಿಗೆ ವರ್ಷಕ್ಕೆ ರೂ. 14,000, ಅಂದರೆ ರೂ. 2.30. ವಿಮೆ ರೂ. 9,000, ಅಂದರೆ ರೂ. 1.50. ಮರುಮಾರಾಟದ ಬೆಲೆ ವರ್ಷಕ್ಕೆ ಸುಮಾರು ರೂ. 25,000 ಇಳಿಯುತ್ತಿದೆ, ಅದು ರೂ. 4.20. ಕೂಡಿದರೆ ಕಿಲೋಮೀಟರಿಗೆ ರೂ. 15. ಹಾಕಿದ ಹಣ ಶೇ 7ರ ಠೇವಣಿಯಲ್ಲಿದ್ದರೆ ವರ್ಷಕ್ಕೆ ಸುಮಾರು ರೂ. 34,000 ಬಡ್ಡಿ ತರುತ್ತಿತ್ತು. ಅದನ್ನೂ ಸೇರಿಸಿದರೆ ರೂ. 20 ದಾಟುತ್ತದೆ.

ಇದೇ ಗಾಡಿಯನ್ನು ವರ್ಷಕ್ಕೆ ಬರೀ 1,500 ಕಿ.ಮೀ. ಓಡಿಸಿದರೆ? ವಿಮೆ, ವರ್ಷದ ಸರ್ವಿಸ್, ಬೆಲೆ ಕುಸಿತ ಎಲ್ಲವೂ ಅಷ್ಟೇ ಇರುತ್ತವೆ. ಕಿಲೋಮೀಟರಿಗೆ ರೂ. 39, ಠೇವಣಿಯ ಬಡ್ಡಿ ಸೇರಿದರೆ ರೂ. 60ರ ಮೇಲೆ. ಕವರ್ ಹೊದಿಸಿ ನಿಲ್ಲಿಸಿದ ಬೈಕೇ ಎಲ್ಲಕ್ಕಿಂತ ದುಬಾರಿ ಬೈಕು. ಹಾಗಾಗಿ ಓಡಿಸುವುದೂ ಒಂದು ಉಳಿತಾಯವೇ, ಸುಖ ಅದರ ಜತೆಗೆ ಬರುವ ಬಡ್ಡಿ.

ಆ ಸುಖ ಎಂಥದು ಎಂದು ಕೇಳುವವರಿಗೆ ಚಾರ್ಮಾಡಿಯ ದಾರಿ ಹೇಳುತ್ತೇನೆ. ಬೆಳಗಿನ ಜಾವ ನೆಲಮಂಗಲ ದಾಟಿದರೆ ಹಾಸನದವರೆಗೆ ಚತುಷ್ಪಥ. ದ್ವಿಚಕ್ರಕ್ಕೆ ಟೋಲ್ ಇಲ್ಲ. ಕೇಂದ್ರ ಸರ್ಕಾರ ಇಂಥ ರಸ್ತೆಯಲ್ಲಿ ಬೈಕಿಗೆ ನಿಗದಿ ಮಾಡಿರುವ ಗರಿಷ್ಠ ವೇಗ ಗಂಟೆಗೆ 80 ಕಿ.ಮೀ. ಆ ವೇಗದಲ್ಲಿ ಆರನೇ ಗೇರಿನ ಎಂಜಿನ್ ಗುನುಗುತ್ತಿರುತ್ತದೆ, ಕೈಗೆ ನಡುಕ ಹತ್ತುವುದಿಲ್ಲ. ಸಾವಿರ ಸಿಸಿ ಬೇಕೇ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ: ಈ ಮಿತಿಯೊಳಗೆ 650 ಸಿಸಿಯೇ ಧಾರಾಳ. ಬೇಲೂರು, ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ. ತಿಂದು ಎದ್ದರೆ ಮುಂದೆ ಘಾಟಿ. ಮಂಜು ಮುಸುಕಿದ ತಿರುವಿಗೆ ಮುಂಚೆ ಎರಡನೇ ಗೇರಿಗಿಳಿಸಿ, ಕಣ್ಣನ್ನು ತಿರುವಿನ ಆಚೆಗೆ ಕಳಿಸಿ, ಥ್ರಾಟಲ್ ಮೆಲ್ಲಗೆ ತೆರೆದರೆ ಗಾಡಿ ತಾನಾಗಿ ಎದ್ದು ನಿಲ್ಲುತ್ತದೆ. ಎದುರಿನಿಂದ ಬಸ್ಸು ಬಂದರೆ ಬದಿಗೆ ಸರಿದು ನಿಲ್ಲುವ ವಿವೇಕವೂ ಅಲ್ಲಿ ಬೇಕು. ಉಜಿರೆಗೆ ಇಳಿಯುವಷ್ಟರಲ್ಲಿ ವಾರದ ಆಫೀಸು ತಲೆಯಿಂದ ಇಳಿದಿರುತ್ತದೆ. ಮೈಸೂರಿನ ಎಕ್ಸ್‌ಪ್ರೆಸ್‌ವೇ ಮಾತ್ರ ನಮ್ಮ ಪಾಲಿಗಿಲ್ಲ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಎಷ್ಟೇ ಸಿಸಿಯ ಬೈಕಾದರೂ ನಿಷೇಧ, ಸರ್ವಿಸ್ ರಸ್ತೆಯೇ ಗತಿ.

ಭಾವಮೈದುನನಿಗೆ ನಾನು ಕೊಟ್ಟ ಉತ್ತರವನ್ನೇ ಓದುಗರಿಗೂ ಕೊಡುತ್ತೇನೆ. ಮನೆಯಲ್ಲಿ ಆರು ತಿಂಗಳ ಖರ್ಚಿನ ಆಪತ್ತಿನ ನಿಧಿ, ಆರೋಗ್ಯ ವಿಮೆ, ಟರ್ಮ್ ವಿಮೆ ಇಲ್ಲದವರು ದೊಡ್ಡ ಬೈಕಿನ ಆಸೆಗೆ ಇನ್ನೂ ಸ್ವಲ್ಪ ಕಾಲ ಕೊಡಿ. ಅವೆಲ್ಲ ಇದ್ದೂ ವರ್ಷಕ್ಕೆ 4,000 ಕಿ.ಮೀ. ಓಡಿಸುವ ಪುರುಸೊತ್ತು ಇಲ್ಲದವರು ಬೇಕೆನಿಸಿದಾಗ ಬಾಡಿಗೆಗೆ ತೆಗೆದುಕೊಳ್ಳಿ, ಅದೇ ಅಗ್ಗ. ದುಡ್ಡೂ ಪುರುಸೊತ್ತೂ ಎರಡೂ ಇದ್ದರೆ ಮೂರು ನಾಲ್ಕು ವರ್ಷ ಹಳೆಯದಾದ, ಒಬ್ಬರೇ ಓಡಿಸಿದ, ಸರ್ವಿಸ್ ದಾಖಲೆಯಿರುವ ಗಾಡಿಯನ್ನು ಸಾಲವಿಲ್ಲದೆ ಕೊಳ್ಳಿ. ಆರ್‌ಸಿ ನಿಮ್ಮ ಹೆಸರಿಗೆ ಬರುವವರೆಗೆ ಒಂದಷ್ಟು ಹಣ ತಡೆಹಿಡಿಯುವ ಕರಾರು ಬರೆಸಿಕೊಳ್ಳಿ. ಹೆಲ್ಮೆಟ್ ಒಂದನ್ನು ಮಾತ್ರ ಯಾವತ್ತೂ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ.