ಸೀಳುಬಿದಿರಿನ ಬಾಣ

ಗದಗ ಜಿಲ್ಲೆಯ ಮುಂಡರಗಿ ತಾಲ್ಲೂಕಿನಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿ ಡೋಣಿ ಎಂಬ ಗ್ರಾಮವಿದೆ. ಇಂದು ಈ ಭಾಗದ ಜನರಿಗೆ ಬಿಲ್ಲುಬಾಣಗಳು ಬಯಲಾಟದ ವೇಷಧಾರಿಯ ಕೈಯಲ್ಲಷ್ಟೇ ಕಾಣಸಿಗುವ ವಸ್ತುಗಳು. ಹಿಂದೆ ಹಾಗಿರಲಿಲ್ಲ. ತುರುಗಾಳಗಗಳಲ್ಲಿ ಮಡಿದವರಿಗಾಗಿ ಕನ್ನಡನಾಡಿನ ಊರೂರುಗಳಲ್ಲಿ ನಿಲ್ಲಿಸಿದ ವೀರಗಲ್ಲುಗಳಲ್ಲಿ ಬಿಲ್ಲು ಹಿಡಿದ ವೀರರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಾರೆ. ಇದೇ ಜಿಲ್ಲೆಯ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಆ ಪುಲಿಗೆರೆಯ ತಿರುಳ್ಗನ್ನಡದಲ್ಲಿ ಪಂಪನು 941ರಲ್ಲಿ ರಚಿಸಿದ ‘ವಿಕ್ರಮಾರ್ಜುನ ವಿಜಯ’ದ ನಾಯಕನು ಬಿಲ್ಲಾಳುಗಳಲ್ಲಿ ಅಗ್ರಗಣ್ಯನಾದ ಅರ್ಜುನ. ಅಂಬು, ಕಣೆ, ಸರಳು, ಕೋಲು ಎಂದು ಕನ್ನಡದಲ್ಲಿ ಬಾಣಕ್ಕೆ ಹಲವು ಹೆಸರುಗಳಿವೆ. ಸಂಸ್ಕೃತದ ‘ಶರ’ ಎಂಬ ಮಾತಿಗಂತೂ ಬಾಣವೆಂಬ ಅರ್ಥದೊಡನೆ ಜೊಂಡುಹುಲ್ಲು ಎಂಬ ಅರ್ಥವೂ ಉಂಟು. ಬಾಣ ಬಿಟ್ಟವರನ್ನು ಕವಿಗಳು ಹಾಡಿದರು. ಬಾಣ ಮಾಡಿದವರನ್ನು ನೆನೆದವರು ವಿರಳ. ಆದರೆ ಗುರಿ ತಪ್ಪದಿರುವುದರಲ್ಲಿ ಅವರ ಪಾಲು ಸಣ್ಣದೇನಲ್ಲ.

ಬಾಣವು ನೆಟ್ಟಗೆ ಹಾರುತ್ತದೆಂದು ಸಾಮಾನ್ಯವಾಗಿ ಎಲ್ಲರೂ ಭಾವಿಸುತ್ತಾರೆ. ವಾಸ್ತವವಾಗಿ ಹೆದೆಯನ್ನು ಬಿಟ್ಟ ಕ್ಷಣದಲ್ಲಿ ಅದು ಬಾಗುತ್ತದೆ. ಬಿಲ್ಲಿನ ಕಟ್ಟಿಗೆಯು ನಡುವೆ ಅಡ್ಡವಾಗಿರುವುದರಿಂದ ಬಾಣದ ಮೊನೆಯು ಗುರಿಯಿಂದ ತುಸು ಪಕ್ಕಕ್ಕೆ ತಿರುಗಿರುತ್ತದೆ. ಹೆದೆಯು ಹಿಂದಿನಿಂದ ನೂಕಿದೊಡನೆ ಬಾಣದ ಕಡ್ಡಿಯು ಹಾವಿನಂತೆ ಬಳುಕಿ, ಬಿಲ್ಲನ್ನು ಬಳಸಿಕೊಂಡು ಹೋಗಿ, ಮುಂದೆ ಸಾಗುತ್ತ ಸಾಗುತ್ತ ನೆಟ್ಟಗಾಗುತ್ತದೆ. ಅಮೆರಿಕದ ವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಅತಿವೇಗದ ಛಾಯಾಚಿತ್ರಗಳ ಮೂಲಕ ಇದನ್ನು ಕಣ್ಣಿಗೆ ಕಾಣುವಂತೆ ತೋರಿಸಿಕೊಟ್ಟನು. ಬಲಗೈಯಿಂದ ಹೆದೆ ಸೆಳೆಯುವವನ ಬಾಣವು ಅತಿಯಾಗಿ ಬಿರುಸಾಗಿದ್ದರೆ ಗುರಿಯ ಎಡಕ್ಕೂ ಅತಿಯಾಗಿ ಬಳುಕಿದರೆ ಬಲಕ್ಕೂ ಸರಿಯುತ್ತದೆ. ಬತ್ತಳಿಕೆಯ 12 ಬಾಣಗಳು 12 ಬಗೆಯಾಗಿ ಬಾಗಿದರೆ ಬಿಲ್ಗಾರನ ಅಭ್ಯಾಸವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ ಸರಿ.

ಇಲ್ಲಿಯೇ ಬಿದಿರಿನ ಗುಣವೂ ದೋಷವೂ ಕಾಣುವುದು. ಬಿದಿರಿನ ಬಲವೆಲ್ಲ ಅದರ ಹೊರಮೈಯ ನಾರಿನಲ್ಲಿದೆ. ಒಳಕ್ಕೆ ಹೋದಂತೆ ಅದು ಮೆದುವಾಗುತ್ತದೆ. ತೆಳುವಾದ ಇಡೀ ಬಿದಿರುಕಡ್ಡಿಯಿಂದ ಬಾಣ ಮಾಡುವುದು ಬಹಳ ಹಳೆಯ ಪದ್ಧತಿ. ಆದರೆ ಅಂಥ ಕಡ್ಡಿಯು ಬುಡದಲ್ಲಿ ದಪ್ಪ, ತುದಿಯಲ್ಲಿ ಸಣ್ಣ. ಗೆಣ್ಣಿನ ಬಳಿ ಒಂದು ಬಗೆ, ನಡುವೆ ಇನ್ನೊಂದು ಬಗೆ. ಸರಿಹೊಂದುವ ಕೆಲವನ್ನು ಆರಿಸಲು ದೊಡ್ಡ ರಾಶಿಯನ್ನೇ ಜಾಲಾಡಬೇಕಾಗುತ್ತದೆ. ಸೀಳುಗಳನ್ನು ಅಂಟಿಸಿ ಮಾಡುವ ಬಾಣವು ಈ ತೊಡಕಿಗೆ ಪರಿಹಾರ. ಜಪಾನಿನ ಬಿಲ್ಗಾರರು ತಮ್ಮ ‘ಯುಮಿ’ ಎಂಬ ಎತ್ತರದ ಬಿಲ್ಲನ್ನು ಬಿದಿರು ಮತ್ತು ಮರದ ಪಟ್ಟಿಗಳನ್ನು ಅಂಟಿಸಿಯೇ ಮಾಡುತ್ತ ಬಂದಿದ್ದಾರೆ.

ಈ ಕೆಲಸಕ್ಕೆ ದಪ್ಪ ಗೋಡೆಯುಳ್ಳ, ಮೂರು ವರ್ಷಕ್ಕೆ ಕಡಿಮೆಯಿಲ್ಲದೆ ಬಲಿತ ಬಿದಿರು ಬೇಕು. ಎಳೆಯದು ಒಣಗಿದಾಗ ಸುಕ್ಕುಗಟ್ಟುತ್ತದೆ. ಮಳೆಗಾಲ ಕಳೆದು ಚಳಿ ಬಿದ್ದ ಮೇಲೆ ಕಡಿದರೆ ಅದರೊಳಗಿನ ಪಿಷ್ಟ ಕಡಿಮೆಯಾಗಿದ್ದು, ಹುಳು ಹಿಡಿಯುವ ಭಯ ಅಷ್ಟಾಗಿ ಇರುವುದಿಲ್ಲ. ನೆರಳಿನಲ್ಲಿ ಒಣಗಿಸಿದ ಬಿದಿರನ್ನು ಮಚ್ಚಿನಿಂದ ಉದ್ದಕ್ಕೆ ಸೀಳುತ್ತಾರೆ. ಮೆದುವಾದ ಒಳಭಾಗವನ್ನು ಕೆತ್ತಿ ತೆಗೆದು, ಹೊರಮೈಯ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಬಳಿಕ ಗಟ್ಟಿಮರದ ಹಲಗೆಯಲ್ಲಿ ಕೊರೆದ ತೋಡಿನಲ್ಲಿ ಪಟ್ಟಿಯನ್ನು ಕೂರಿಸಿ, ಹತ್ತರಿಯಿಂದ ಎರಡೂ ಬದಿಗಳನ್ನು ಹೆರೆದು ತ್ರಿಕೋನಾಕಾರಕ್ಕೆ ತರುತ್ತಾರೆ. ಪ್ರತಿ ಪಟ್ಟಿಯ ಕೋನವು 60 ಅಂಶವಿದ್ದರೆ ಆರು ಪಟ್ಟಿಗಳು ಸೇರಿ ಷಟ್ಕೋನದ ಕಡ್ಡಿಯಾಗುತ್ತವೆ. 90 ಅಂಶದ ನಾಲ್ಕು ಪಟ್ಟಿಗಳಿಂದಲೂ ಮಾಡಬಹುದು; ಆದರೆ ಚೌಕವನ್ನು ಉರುಟಾಗಿಸುವಾಗ ಗಟ್ಟಿಯಾದ ಹೊರನಾರು ಹೆಚ್ಚಾಗಿ ನಷ್ಟವಾಗುತ್ತದೆ.

ಗೆಣ್ಣುಗಳ ವಿಷಯದಲ್ಲಿ ಕುಶಲಕರ್ಮಿಯು ಬಹಳ ಎಚ್ಚರ ವಹಿಸಬೇಕಾಗುತ್ತದೆ. ಎರಡು ಪಟ್ಟಿಗಳ ಗೆಣ್ಣುಗಳು ಒಂದೇ ಸ್ಥಳದಲ್ಲಿ ಕೂಡಿದರೆ ಬಾಣವು ಅಲ್ಲಿಯೇ ಮುರಿಯುವ ಸಂಭವವುಂಟು. ಆದುದರಿಂದ ಪಟ್ಟಿಗಳನ್ನು ಹಿಂದೆ ಮುಂದೆ ಸರಿಸಿ ಗೆಣ್ಣುಗಳನ್ನು ಚದುರಿಸಬೇಕು. ಬಳಿಕ ಅಂಟು ಹಚ್ಚಿ, ನೂಲನ್ನು ಸುರುಳಿಯಾಗಿ ಬಿಗಿದು ಸುತ್ತಿ, ಅಂಟು ಒಣಗುವ ಮುನ್ನವೇ ಕಡ್ಡಿಯ ಡೊಂಕನ್ನು ತಿದ್ದುತ್ತಾರೆ. ಪ್ರಾಣಿಗಳ ಚರ್ಮದಿಂದ ತಯಾರಿಸುವ ಸರೇಸು ಬಡಗಿಗಳ ಹಳೆಯ ಅಂಟು. ತೇವಕ್ಕೆ ಸಡಿಲಾಗುವುದರಿಂದ ಈಗ ನೀರು ತಡೆಯುವ ಅಂಟನ್ನೇ ಬಳಸುವುದು ವಾಡಿಕೆ.

ಒಣಗಿದ ಕಡ್ಡಿಯನ್ನು ಸುಮಾರು 8 ಮಿಲಿಮೀಟರ್ ದಪ್ಪಕ್ಕೆ ಉಜ್ಜಿ, ಅದರ ಬಿಗುವನ್ನು ಅಳೆಯುತ್ತಾರೆ. 66 ಸೆಂಟಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು, ನಡುವೆ ಸುಮಾರು 900 ಗ್ರಾಂ ತೂಕವನ್ನು ತೂಗುಬಿಡುತ್ತಾರೆ. ಸುಮಾರು 18 ಕಿಲೋಗ್ರಾಂ ಸೆಳೆತದ ಬಿಲ್ಲಿಗೆ ಕಡ್ಡಿಯು ಸುಮಾರು 16 ಮಿಲಿಮೀಟರ್ ಬಾಗಿದರೆ ಸರಿ. ಕಡಿಮೆ ಬಾಗಿದರೆ ಇನ್ನಷ್ಟು ಉಜ್ಜಬಹುದು. ಹೆಚ್ಚು ಬಾಗಿದರೆ ಆ ಬಿಲ್ಲಿಗೆ ಅದು ಸಲ್ಲದು. ಹೆರೆದುಹೋದ ನಾರನ್ನು ಮರಳಿ ಹಚ್ಚಲಾಗದು.

ಕೊನೆಗೆ ಮೊನೆಗೆ ಅಲಗು, ಹಿಂತುದಿಗೆ ಹೆದೆ ಕೂರುವ ಕಚ್ಚು, ಅದರ ಬಳಿ ಮೂರು ಗರಿಗಳು. ಮೂರೂ ಗರಿಗಳು ಹಕ್ಕಿಯ ಒಂದೇ ಬದಿಯ ರೆಕ್ಕೆಯವಾಗಿರಬೇಕು. ಆಗ ಅವುಗಳ ಬಾಗು ಒಂದೇ ಕಡೆಗಿದ್ದು, ಬಾಣವು ತಿರುಗುತ್ತ ಸ್ಥಿರವಾಗಿ ಸಾಗುತ್ತದೆ.

ಬಿದಿರನ್ನು ಸಮನಾಗಿ ಸೀಳುವ ಕೈಗಳು ಕನ್ನಡನಾಡಿಗೆ ಹೊಸವಲ್ಲ. ಹನ್ನೆರಡನೆಯ ಶತಮಾನದ ವಚನಕಾರ ಮೇದಾರ ಕೇತಯ್ಯನ ಕಾಯಕವೇ ಬಿದಿರಿನದು. ಪ್ಲಾಸ್ಟಿಕ್ಕಿನ ಬುಟ್ಟಿ ಮೊರಗಳು ಬಂದ ಮೇಲೆ ಮೇದಾರರ ಕಸುಬಿಗೆ ಪೆಟ್ಟು ಬಿದ್ದಿದೆ. 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಕಪ್ಪತಗುಡ್ಡದಲ್ಲಿ ಬೇಟೆಗಾಗಲಿ ಮರ ಕಡಿಯುವುದಕ್ಕಾಗಲಿ ಎಡೆಯಿಲ್ಲ. ಆದರೆ 2017ರ ಕಾನೂನು ತಿದ್ದುಪಡಿಯಂತೆ ಅರಣ್ಯದ ಹೊರಗೆ ಬೆಳೆದ ಬಿದಿರು ಮರವೆಂದು ಪರಿಗಣಿತವಾಗದು. ಹೊಲದ ಬದುವಿನ ಬಿದಿರು ರೈತನಿಗೆ ಒದಗುತ್ತದೆ. ಬಿಲ್ಗಾರಿಕೆಯ ರಾಷ್ಟ್ರೀಯ ಸ್ಪರ್ಧೆಗಳಲ್ಲಿ ದೇಶೀಯ ಬಿಲ್ಲುಗಳಿಗೆಂದೇ ‘ಇಂಡಿಯನ್ ರೌಂಡ್’ ಎಂಬ ವಿಭಾಗವಿದೆ. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದ ರಾಜಸ್ಥಾನದ ಲಿಂಬಾ ರಾಮ್ ಬಾಲ್ಯದಲ್ಲಿ ಹಿಡಿದದ್ದು ಬಿದಿರಿನ ಬಿಲ್ಲನ್ನೇ.

ಬಾಣವನ್ನು ಹೆದೆಗೇರಿಸುವ ಮುನ್ನ ಬಲ್ಲ ಬಿಲ್ಗಾರನು ಅದನ್ನು ಕಿವಿಯ ಬಳಿ ಹಿಡಿದು ಮೆಲ್ಲನೆ ಬಾಗಿಸುತ್ತಾನೆ. ಅಂಟು ಬಿಟ್ಟಿದ್ದರೆ ಚಿಟಿಚಿಟಿ ಸದ್ದು ಕೇಳಿಸುತ್ತದೆ. ಬಿರುಕುಬಿಟ್ಟ ಬಾಣವು ಹೆದೆಯ ನೂಕಿಗೆ ಸೀಳಿ ಬಿಲ್ಲು ಹಿಡಿದ ಕೈಯನ್ನೇ ಚುಚ್ಚಬಲ್ಲದು. ಅಂಥದನ್ನು ಅವನು ಬತ್ತಳಿಕೆಗೆ ಮರಳಿ ಹಾಕುವುದಿಲ್ಲ. ಬೇರೆ ಯಾರೂ ತಿಳಿಯದೆ ಎತ್ತಿಕೊಳ್ಳದಿರಲೆಂದು ಅಲ್ಲಿಯೇ ಎರಡು ತುಂಡಾಗಿ ಮುರಿದುಬಿಡುತ್ತಾನೆ.